ಬೆನ್ನ ಹಿಂದೆ ನಿಂತಿದ್ದ ಬಸ್ಸು

ಇಂಡಿಯಲ್ಲಿ ನನ್ನದು ಡ್ರಿಪ್ ಪೈಪಿನ ಅಂಗಡಿ. ಲಿಂಬಿ ತೋಟದವರಿಗೆ, ದ್ರಾಕ್ಷಿ ತೋಟದವರಿಗೆ ಪೈಪು, ಫಿಲ್ಟರು ಮಾರುತ್ತ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಪೈಪಿನ ಕಂಪನಿಯವರು ವ್ಯಾಪಾರ ಚೆನ್ನಾಗಿ ಮಾಡಿದ ಡೀಲರುಗಳನ್ನು ವರ್ಷಕ್ಕೊಮ್ಮೆ ಪರದೇಶಕ್ಕೆ ಕರೆದುಕೊಂಡು ಹೋಗುವ ರೂಢಿ ಇದೆ. ಎರಡು ಸಲ ಕರೆದಾಗ ನಾನು ಒಲ್ಲೆ ಎಂದಿದ್ದೆ. ಮೂರನೆಯ ಸಲ, ಮೊರಾಕ್ಕೊ ದೇಶದ ಅಗಾದಿರ ಎಂಬ ಕಡಲೂರು ಎಂದರು. ಹೆಂಡತಿಯನ್ನೂ ಕರೆತರಬಹುದು ಎಂದರು. ಒಂದು ದಿನ ಅಲ್ಲಿನ ಕಿತ್ತಳೆ ತೋಟಗಳಿಗೆ ಹನಿ ನೀರು ಹೇಗೆ ಬಿಡುತ್ತಾರೆಂದು ತೋರಿಸುವುದು, ಉಳಿದ ನಾಲ್ಕು ದಿನ ತಿರುಗಾಟ. ನನ್ನ ಹೆಂಡತಿ ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದಳು. ಮೂವತ್ತು ವರ್ಷ ನಕಾಶೆಯ ಮೇಲೆ ಕೋಲಿಟ್ಟು ಸಹಾರಾ ತೋರಿಸಿದ್ದವಳು, "ಈ ಸಲ ಹೋಗೂಣು" ಎಂದಳು. ಹೋದೆವು.

ಹೋಟೆಲು ಮುಟ್ಟಿದ ದಿನ ಕಂಪನಿಯ ಟೂರ್ ಮ್ಯಾನೇಜರ್ ನಮ್ಮನ್ನೆಲ್ಲ ಕೆಳಗಿನ ದೊಡ್ಡ ಕೋಣೆಯಲ್ಲಿ ಕೂಡಿಸಿ ಮಾತಾಡಿದ. ಪುಣೆಯವನು, ಹಿಂದಿಯಲ್ಲಿ ನಿಧಾನಕ್ಕೆ ಹೇಳುತ್ತಿದ್ದ. ಈ ಊರಿನ ಜನ ಒಳ್ಳೆಯವರು, ಆದರೆ ಪ್ರವಾಸಿಗಳು ಬರುವ ಯಾವ ಊರಿನಲ್ಲೂ ಇರುವಂತೆ ಇಲ್ಲೂ ಕೆಲವರು ನಿಮಗಾಗಿಯೇ ಕಾಯುತ್ತಿರುತ್ತಾರೆ. ಟ್ಯಾಕ್ಸಿ ಹತ್ತಿದ ಕೂಡಲೇ ಮೀಟರ್ ಹಾಕಲು ಹೇಳಿ, ಕೆಟ್ಟಿದೆ ಎಂದರೆ ಇಳಿದುಬಿಡಿ. ಕಡಲ ದಂಡೆಯಲ್ಲಿ ಹೆಂಗಸರು ಕೈ ಹಿಡಿದು ಮೆಹಂದಿ ಹಾಕಲು ಶುರು ಮಾಡುತ್ತಾರೆ, ಆಮೇಲೆ ಬಾಯಿಗೆ ಬಂದಷ್ಟು ದುಡ್ಡು ಕೇಳುತ್ತಾರೆ, ಕೈ ಕೊಡಬೇಡಿ. 'ನಾನು ನಿಮ್ಮ ಹೋಟೆಲಿನವನೇ, ಗುರುತು ಸಿಗಲಿಲ್ಲವೇ' ಎಂದು ಯಾರಾದರೂ ಮಾತಿಗೆಳೆದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ನೀವು ನೋಡಬೇಕೆಂದಿರುವ ಜಾಗ ಇವತ್ತು ಬಂದ್ ಆಗಿದೆ ಎಂದು ದಾರಿಯಲ್ಲಿ ಯಾರೇ ಹೇಳಲಿ, ನಂಬಬೇಡಿ. ಹೋಗಿ ಬಾಗಿಲನ್ನು ಕಣ್ಣಿಂದ ನೋಡಿ, ಆಮೇಲೆ ನಂಬಿ.

ನನ್ನ ಹೆಂಡತಿ ಇದನ್ನೆಲ್ಲ ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಮ್ಮ ಜೊತೆ ಸಿಂದಗಿಯ ಡೀಲರೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಅವರು ನನ್ನ ಕಡೆ ವಾಲಿ, "ನಮ್ಮನ್ನ ಯಾರ್ ಮೋಸ ಮಾಡ್ತಾರ್ರಿ. ರೈತರಿಗೆ ಪೈಪ್ ಮಾರಿದವ್ರು ನಾವು" ಎಂದರು. ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಜಾಗ ಬಂದ್ ಆಗಿದೆ ಎನ್ನುವ ಮಾತಿಗೆ ನನ್ನ ಕಿವಿ ನಿಮಿರಿತ್ತು. ಯಾಕೆಂದು ನನಗೆ ಗೊತ್ತಿತ್ತು. ಆದರೂ ಅದರ ಕಡೆ ಲಕ್ಷ್ಯ ಕೊಡದೆ ಊಟಕ್ಕೆ ಎದ್ದೆ.

ಮರುದಿನ ಮಾರ್ಕೆಟ್ಟಿಗೆಂದು ಕಿತ್ತಳೆ ಬಣ್ಣದ ಸಣ್ಣ ಟ್ಯಾಕ್ಸಿಯೊಂದನ್ನು ಹತ್ತಿದೆವು. ಚಾಲಕ ನಗುನಗುತ್ತ ಮಾತಾಡಿಸಿದ. ಮೀಟರ್ ಇರಬೇಕಾದ ಜಾಗದಲ್ಲಿ ಅವನ ಟೋಪಿ ಇತ್ತು. ಗಾಡಿ ಅಲುಗುವ ಮೊದಲೇ ನಾನು ಬಾಗಿಲು ತೆಗೆದು ಇಳಿದೆ. ಹೆಂಡತಿಗೆ ಏನೂ ತಿಳಿಯಲಿಲ್ಲ, ನನ್ನ ಹಿಂದೆ ಇಳಿದಳು. ಎರಡನೆಯ ಟ್ಯಾಕ್ಸಿಯ ಮುದುಕ ನಾವು ಹೇಳುವ ಮೊದಲೇ ಮೀಟರ್ ಒತ್ತಿದ, ಸುಮ್ಮನೆ ಓಡಿಸಿದ. ಸೀಟಿನ ಮೇಲೆ ಬಿಟ್ಟುಬಂದಿದ್ದ ನನ್ನ ಚಷ್ಮಾ ಕೊಡಲು ಗಾಡಿಯಿಂದ ಇಳಿದು ಕೂಗುತ್ತ ಹಿಂದೆ ಬಂದ.

ಆ ಸಂಜೆ ಕಡಲ ದಂಡೆಯಲ್ಲಿ, ಹೆಂಗಸೊಬ್ಬಳು ಸಿಂದಗಿಯವರ ಹೆಂಡತಿಯ ಅಂಗೈ ಹಿಡಿದು "ಗಿಫ್ಟ್, ಗಿಫ್ಟ್" ಎನ್ನುತ್ತ ಮೆಹಂದಿಯ ಪಿಚಕಾರಿ ತೆಗೆದಳು. ಆ ತಾಯಿ ಸಂಕೋಚದಿಂದ ಕೈ ಬಿಡಿಸಿಕೊಳ್ಳಲಾರದೆ ನಿಂತಿದ್ದರು. ನಾನು ನಡುವೆ ಹೋಗಿ, ನಮ್ಮ ಮಾತಿನಲ್ಲೇ, "ಬ್ಯಾಡವ್ವ, ಬಿಡು" ಎಂದೆ. ಅವಳು ಕೈ ಬಿಟ್ಟಳು. ಬಿಟ್ಟು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಸಂತೆಯಲ್ಲಿ ಒಂದೇ ಮಾಲು ಮಾರುವ ಇಬ್ಬರು ಒಬ್ಬರನ್ನೊಬ್ಬರು ನೋಡುವ ಹಾಗಿತ್ತು ಅದು.

ಮೂರನೆಯ ದಿನಕ್ಕೆ ನನ್ನ ಹೆಸರಾಯಿತು. ಮೈಗೆ, ಕೂದಲಿಗೆ ಹಚ್ಚುವ ಅಲ್ಲಿನ ಎಣ್ಣೆಯ ಅಂಗಡಿಗೆ ಕರೆಯುವವರು, ಒಂಟೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆದು ಆಮೇಲೆ ದುಡ್ಡಿಗೆ ಬೆನ್ನು ಹತ್ತುವವರು, ಎಲ್ಲರನ್ನೂ ದೂರದಿಂದಲೇ ಗುರುತಿಸಿ ಹೇಳುತ್ತಿದ್ದೆ. ಡೀಲರುಗಳೆಲ್ಲ ನನ್ನ ಹಿಂದೆಯೇ ತಿರುಗತೊಡಗಿದರು. "ನಿಮ್ಮ ಸಂಗಾಟ ಇದ್ರ ಚಿಂತಿಲ್ರಿ" ಎಂದು ಸಿಂದಗಿಯವರು ಎಲ್ಲರೆದುರು ಹೇಳಿದರು. ನಾನು ಹಿಗ್ಗಿದ್ದೆ. ಇದನ್ನು ಒಪ್ಪಿಕೊಳ್ಳಬೇಕು.

ನಾಲ್ಕನೆಯ ದಿನ ಹೆಂಡತಿ ಗುಡ್ಡಕ್ಕೆ ಹೋಗೋಣ ಎಂದಳು. ಊರಿನ ಪಕ್ಕದ ಆ ಗುಡ್ಡದ ಮೇಲೆ ಹಳೆಯ ಕೋಟೆ ಇದೆ. ಅದರೊಳಗೆ ಒಂದು ಊರಿತ್ತಂತೆ. ಅರವತ್ತು ವರ್ಷಗಳ ಹಿಂದೆ ಭೂಕಂಪವಾಗಿ ಕೆಲವೇ ಕ್ಷಣಗಳಲ್ಲಿ ಎಲ್ಲ ಕುಸಿಯಿತಂತೆ. ಸತ್ತವರನ್ನೆಲ್ಲ ಹೊರತೆಗೆಯಲಾಗದೆ ಅಲ್ಲೇ ಮಣ್ಣು ಮುಚ್ಚಿ, ಕೆಳಗೆ ಹೊಸ ಊರು ಕಟ್ಟಿದರಂತೆ. ನನ್ನ ಹೆಂಡತಿಯ ತವರು ಹಳೆಯ ಕೊಲ್ಹಾರ. ಕೃಷ್ಣೆಯ ಹಿನ್ನೀರು ಬಂದಾಗ ಅವರ ಮನೆ, ಓಣಿ, ಅವಳು ಓದಿದ ಸಾಲಿ ಎಲ್ಲ ನೀರಿನಡಿ ಹೋದವು. "ಇಷ್ಟ ದೂರ ಬಂದು ಅದೊಂದು ನೋಡದ ಹೋಗಾಕ ಮನಸ್ಸಿಲ್ಲ" ಎಂದಳು. ಉಳಿದವರೆಲ್ಲ ದಣಿದಿದ್ದರು. ನಾವಿಬ್ಬರೇ ಹೊರಟೆವು.

ಗುಡ್ಡದ ಬುಡದಿಂದ ಮೇಲಕ್ಕೆ ತಂತಿಯ ಮೇಲೆ ತೂಗುತ್ತ ಹೋಗುವ ರೋಪ್‌ವೇ ತೊಟ್ಟಿಲುಗಳಿವೆ. ಅಲ್ಲಿಗೆ ಇನ್ನೂ ಅರ್ಧ ಹಾದಿ ಇರುವಾಗ ಒಬ್ಬ ಎದುರಾದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿಕೊಂಡಿದ್ದ. "ನಮಸ್ತೆ" ಎಂದ. ಸಿನಿಮಾ ನೋಡಿ ಕಲಿತ ಹಿಂದಿ, ಅದಕ್ಕೆ ಸ್ವಲ್ಪ ಇಂಗ್ಲಿಷು ಬೆರೆಸಿ ಮಾತಾಡಿದ. ನಿಮ್ಮ ಹೋಟೆಲಿನ ಅಡುಗೆ ಮನೆಯಲ್ಲೇ ಇರುವವನು, ಬೆಳಗ್ಗೆ ನಿಮಗೆ ಚಹಾ ಕೊಟ್ಟೆನಲ್ಲ ಎಂದ. ಯಾವ ಊರು ಎಂದು ಕೇಳಿದ. ನಾನು "ಇಂಡಿ" ಎಂದೆ. "ಅದು ಗೊತ್ತು, ಇಂಡಿಯಾದಲ್ಲಿ ಯಾವ ಊರು" ಎಂದು ಮತ್ತೆ ಕೇಳಿದ. ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅವಳು ನಮ್ಮೂರಿನ ಕಥೆ ಹೇಳಿದಳು, ಅವನು ತಲೆದೂಗುತ್ತ ಕೇಳಿದ.

ಆಮೇಲೆ ಅವನ ಮುಖ ಸಣ್ಣದಾಯಿತು. ಗುಡ್ಡಕ್ಕೆ ಹೊರಟಿದ್ದೀರಾ, ಛೇ, ಇವತ್ತು ಗಾಳಿ ಜೋರು, ತೊಟ್ಟಿಲು ಬಂದ್ ಮಾಡಿದ್ದಾರೆ ಎಂದ. ನಾಳೆ ಬನ್ನಿ ಎಂದ. ನಾಳೆ ನಾವು ಊರಿಗೆ ಹೊರಡುವವರು ಎಂದು ಹೆಂಡತಿ ಹೇಳಿದಳು. ಅವನು ಸ್ವಲ್ಪ ವಿಚಾರ ಮಾಡಿದವನಂತೆ ನಿಂತು, ನನ್ನ ಭಾವನ ಕಾರಿದೆ, ಹಿಂದಿನ ದಾರಿಯಿಂದ ಕರೆದುಕೊಂಡು ಹೋಗುತ್ತಾನೆ ಎಂದ. ದಾರಿಯಲ್ಲಿ ಹೆಣ್ಣುಮಕ್ಕಳೇ ಎಣ್ಣೆ ತೆಗೆಯುವ ಒಂದು ಮನೆ ಇದೆ, ಕೊಳ್ಳಬೇಕೆಂದೇನಿಲ್ಲ, ನೋಡಿ ಹೋಗಬಹುದು ಎಂದ.

"ಪಾಪ, ಚಲೋ ಮನುಷ್ಯಾ ಸಿಕ್ಕ ನೋಡ್ರಿ" ಎಂದಳು ನನ್ನ ಹೆಂಡತಿ. ಎಲ್ಲ ಬರೆದುಕೊಂಡಿದ್ದ ನೋಟುಬುಕ್ಕು ಅವಳ ಚೀಲದಲ್ಲೇ ಇತ್ತು.

ನಾನು ಅವನ ಮಾತು ಕೇಳುತ್ತಿರಲಿಲ್ಲ. ಅವನ ಕಾಲು ನೋಡುತ್ತಿದ್ದೆ. ಮಾತಾಡುತ್ತ ಮಾತಾಡುತ್ತ ಅವನು ನಮ್ಮ ಸುತ್ತ ಅರ್ಧ ಸುತ್ತು ಬಂದಿದ್ದ. ಅವನ ಮುಖ ನೋಡಲು ನಾವೂ ತಿರುಗಿದ್ದೆವು. ಬರುವಾಗ ನಮ್ಮೆದುರಿಗಿದ್ದ ಗುಡ್ಡ ಈಗ ನಮ್ಮ ಬೆನ್ನಿಗಿತ್ತು. ನಾನು ಹೆಂಡತಿಯ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದೆ. ಗುಡ್ಡದ ಮೈಮೇಲೆ ತೊಟ್ಟಿಲುಗಳು ಒಂದರ ಹಿಂದೊಂದು ಏರುತ್ತಿದ್ದವು, ಇಳಿಯುತ್ತಿದ್ದವು.

ಆ ಮನುಷ್ಯ ನಾಚಲಿಲ್ಲ, ಸಿಟ್ಟಾಗಲಿಲ್ಲ. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗಿ, ದೂರದಲ್ಲಿ ಬರುತ್ತಿದ್ದ ಮತ್ತಿಬ್ಬರ ಕಡೆ ನಡೆದ. ಹಿಂದಿನಿಂದ ನೋಡಿದರೆ ಅವನ ಬೂಟಿನ ಹಿಮ್ಮಡಿ ಪೂರಾ ಸವೆದಿತ್ತು.

ಮೇಲೆ ಹೋದೆವು. ಕೋಟೆಯ ಗೋಡೆಯ ನೆರಳಲ್ಲಿ ಕೂತರೆ ಕೆಳಗೆ ಕಡಲು, ಹಡಗು, ಬೆಳ್ಳನೆಯ ಹೊಸ ಊರು ಕಾಣುತ್ತಿತ್ತು. ಹೆಂಡತಿ ಬಹಳ ಹೊತ್ತು ನೆಲವನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು, "ಬರ್ಕೊಂಡಾಕಿ ನಾನು. ನನಗ ಗೊತ್ತಾಗ್ಲಿಲ್ಲ. ನಿಮಗ ಹೆಂಗ ಗೊತ್ತಾತು?"

ಅನುಭವ ಎಂದು ಹೇಳಿ ಮುಗಿಸಬಹುದಿತ್ತು.

"ನಾನೂ ಹಂಗ ನಿಲ್ಲಸ್ತಿದ್ದೆ ಮಂದೀನ" ಎಂದೆ. "ಬಸ್ಸಿಗೆ ಬೆನ್ನ ಮಾಡಿ."

ಮದುವೆಗೆ ಮೊದಲು ನಾನು ಬಸವನ ಬಾಗೇವಾಡಿಯಲ್ಲಿ ಟೆಂಪೊ ಓಡಿಸುತ್ತಿದ್ದುದು ಅವಳಿಗೆ ಗೊತ್ತಿತ್ತು. ಹೇಗೆ ಓಡಿಸುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ನಿಂತು, ಹೊಸಬರಂತೆ ಕಾಣುವವರನ್ನು ಆರಿಸಿ, ಎಲ್ಲಿಗೆ ಎಂದು ಕೇಳುತ್ತಿದ್ದೆ. ಅಲ್ಲಿಗೆ ಇವತ್ತು ಬಸ್ಸಿಲ್ಲ ಎನ್ನುತ್ತಿದ್ದೆ. ಮೊದಲು ಅವರ ಕಷ್ಟಕ್ಕೆ ಮರುಗಬೇಕು, ಆಮೇಲೆ ಟೆಂಪೊ ತೋರಿಸಬೇಕು. ಮಾತಾಡುತ್ತ ಸುತ್ತ ಬಂದು ಅವರ ಬೆನ್ನು ಬಸ್ಸಿನ ಕಡೆ ಆಗುವಂತೆ ನೋಡಿಕೊಳ್ಳಬೇಕು. ಇದನ್ನು ಯಾರೂ ಕಲಿಸಿರಲಿಲ್ಲ. ಹೊಟ್ಟೆಪಾಡಿಗೆ ಎಂದೂ ಹೇಳಲಾರೆ, ಟೆಂಪೊ ಹೇಗೂ ತುಂಬುತ್ತಿತ್ತು. ಬೇಗ ತುಂಬಲಿ ಎಂದು ಮಾಡುತ್ತಿದ್ದೆ.

"ಭಾಳ ಮಂದಿಗೆ ಮಾಡೀರೇನು?"

"ಭಾಳ ಮಂದಿಗೆ."

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಬ್ಬ ಹೆಣ್ಣುಮಗಳ ವಿಷಯ ಹೇಳಿದೆ.

ಮೂವತ್ತೈದು ವರ್ಷದ ಹಿಂದಿನ ಮಾತು. ಸಿಂದಗಿ ಕಡೆಯಿಂದ ಬಂದ ಬಸ್ಸಿಳಿದು ಒಂದು ಗಂಟು ಹಿಡಿದುಕೊಂಡು ನಿಂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. "ನಾಲತವಾಡದ ಬಸ್ ಎಲ್ಲಿ ನಿಂದರ್ತೈತ್ರಿ ಅಣ್ಣಾ" ಎಂದು ಕೇಳಿದಳು. ನಾನು, "ಅದು ಇವತ್ತ ಬಂದಿಲ್ರಿ ಅಕ್ಕಾ. ಇನ್ನ ಸಂಜಿಗೇ" ಎಂದೆ. ಹೇಳುತ್ತ ಅವಳ ಎಡಕ್ಕೆ ಬಂದೆ, ಅವಳು ನನ್ನ ಕಡೆ ತಿರುಗಿದಳು. ನಾಲತವಾಡದ ಬಸ್ಸು ಅವಳ ಹಿಂದೆ, ಹತ್ತು ಹೆಜ್ಜೆ ಆಚೆ ನಿಂತಿತ್ತು. ಅವಳು ಕಣ್ಣು ತುಂಬಿಕೊಂಡು, ತನ್ನ ತಾಯಿಗೆ ಕಡೆಗಾಲ ಬಂದಿದೆಯೆಂದು ಬೆಳಗ್ಗೆ ಸುದ್ದಿ ಬಂತು, ಬೇಗ ಹೋಗಬೇಕು ಎಂದಳು.

ನಾನು ಅದನ್ನು ಕೇಳಿದಾಗಲೂ ಬಸ್ಸು ಅಲ್ಲೇ ನಿಂತಿತ್ತು. ತೋರಿಸಬಹುದಿತ್ತು. ಒಮ್ಮೆ ಹೇಳಿದ ಸುಳ್ಳನ್ನು ತಿದ್ದಿಕೊಳ್ಳಲು ನಾಚಿಕೆಯಾಯಿತು, ಅಷ್ಟೇ ಕಾರಣ. ಟೆಂಪೊದಲ್ಲಿ ಕೂಡಿಸಿದೆ. ಹಿಂದೆ ಬಸ್ಸು ಹೊರಟ ಸದ್ದು ಕೇಳಿಸಿತು. ಟೆಂಪೊ ತುಂಬಲು ಒಂದು ತಾಸಿಗೂ ಮೇಲಾಯಿತು. ಅವಳು ಇಳಿದು ನೋಡುವುದು, ಮತ್ತೆ ಹತ್ತಿ ಕೂರುವುದು ಮಾಡುತ್ತಿದ್ದಳು. ನಾನು ಹೋಗಿ ಒಂದು ಚಹಾ ತಂದುಕೊಟ್ಟೆ. ಆಮೇಲೆ ಹಳ್ಳಿಹಳ್ಳಿಗೆ ನಿಲ್ಲಿಸುತ್ತ ಮುದ್ದೇಬಿಹಾಳ ದಾಟಿ ಅವಳ ಊರಿಗೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ನಾಲತವಾಡದ ಇತ್ತಲ ಹಳ್ಳಿ, ರಸ್ತೆಗೇ ಅವರ ಮನೆ. ಅಂಗಳದ ತುಂಬ ಮಂದಿ ಕೂತಿದ್ದರು. ಒಬ್ಬ ಮುದುಕಿ ಬಂದು ಅವಳನ್ನು ಹಿಡಿದುಕೊಂಡು, "ಈಗ ತಾಸಾತ ನೋಡವ್ವ. ನೀ ಬಂದ್ಯೇನಂತ ಕೇಳಕೋಂತನ ಹ್ವಾದಳು" ಎಂದಳು.

ಅವಳು ಅಳುತ್ತ ಎರಡು ಹೆಜ್ಜೆ ಹೋಗಿ, ನಿಂತು, ನನ್ನ ಕಡೆ ತಿರುಗಿ ಹೇಳಿದಳು, "ನೀವು ಸಿಗದಿದ್ರ ಮಣ್ಣಿಗೂ ಮುಟ್ತಿರಲಿಲ್ಲಣ್ಣಾ."

ಅವತ್ತೇ ಆ ಕೆಲಸ ಬಿಟ್ಟೆ ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಇನ್ನೂ ಎರಡು ವರ್ಷ ಓಡಿಸಿದೆ. ಒಬ್ಬರೇ ಬಂದ ಹೆಂಗಸರಿಗೆ ಮಾತ್ರ ಬಸ್ಸು ತೋರಿಸಿ ಕಳಿಸುತ್ತಿದ್ದೆ. ಉಳಿದವರಿಗೆ ಅದೇ ಸುಳ್ಳು.

ಗುಡ್ಡ ಇಳಿಯುವಾಗ ಹೆಂಡತಿ ತೊಟ್ಟಿಲಲ್ಲಿ ನನ್ನ ಎದುರಿಗೆ ಕೂರದೆ ಪಕ್ಕಕ್ಕೆ ಕೂತು ಕಡಲ ಕಡೆ ನೋಡುತ್ತಿದ್ದಳು. ಊಟದ ಹೊತ್ತಿಗೆ ಸಿಂದಗಿಯವರು, "ಇವತ್ತ ಎಷ್ಟ ಮಂದೀನ ಹಿಡದ್ರಿ" ಎಂದು ಚೇಷ್ಟೆ ಮಾಡಿದಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ವಿಮಾನ ನಿಲ್ದಾಣದಲ್ಲಿ, ಚೀಲಗಳ ಮಧ್ಯೆ ಕೂತಿದ್ದಾಗ ಕೇಳಿದಳು.

"ಆಕಿ ತವರಮನಿ ಊರು ನೆನಪೈತಲ್ಲ?"

"ಐತಿ."

"ಹೋಗಿ ಹೇಳಬೇಕ್ರಿ ನೀವು."

"ಈಗ ಹೇಳಿ ಏನ್ ಆಗ್ತೈತಿ?"

"ಅದು ನನಗೂ ಗೊತ್ತಿಲ್ಲ. ಆದ್ರ ಆಕಿ ಇನ್ನೂ ನಿಮಗ ಪುಣ್ಯಾ ಬಯಸಾಕತ್ತಿದ್ರ? ಅದನ್ನ ಇಟಗೊಂಡು ಹೆಂಗ ಕೂಡ್ತೀರಿ?"

ಊರಿಗೆ ಬಂದ ಮೇಲೆ ನಾನು ದಿನ ದೂಡಿದೆ. ಅಂಗಡಿಯ ಹಂಗಾಮು ಎಂದೆ, ಕಾರಿನ ರಿಪೇರಿ ಎಂದೆ. ಎರಡು ತಿಂಗಳಾದ ಮೇಲೆ ಒಂದು ರವಿವಾರ ಹೆಂಡತಿಯೇ ಬುತ್ತಿ ಕಟ್ಟಿಕೊಂಡು ಕಾರಿನ ಹತ್ತಿರ ನಿಂತಳು. ಮುದ್ದೇಬಿಹಾಳ ದಾಟಿ ಆ ಹಳ್ಳಿಗೆ ಹೋದೆವು. ಮನೆ ಸ್ಲ್ಯಾಬಿನದಾಗಿತ್ತು, ಆದರೆ ಜಾಗ ಅದೇ. ಸಿಂದಗಿ ಕಡೆ ಕೊಟ್ಟ ಈ ಮನೆಯ ಮಗಳು ಎಲ್ಲಿದ್ದಾಳೆಂದು ಕೇಳಿದೆವು. ಅಲ್ಲಿದ್ದವನು ಅವಳ ತಮ್ಮನ ಮಗ. ಸೋದರತ್ತೆ ಗಟ್ಟಿಯಾಗಿದ್ದಾಳೆ, ಸಿಂದಗಿ ತಾಲ್ಲೂಕಿನ ತನ್ನ ಊರಲ್ಲೇ ಇದ್ದಾಳೆ ಎಂದು ಹೇಳಿದ. ಏನು ಕೆಲಸ ಎಂದು ಕೇಳಿದ. ಹಳೆಯ ಗುರುತು ಎಂದು ನನ್ನ ಹೆಂಡತಿ ಹೇಳಿದಳು.

ಮುಂದಿನ ರವಿವಾರ ಅಲ್ಲಿಗೆ ಹೋದೆವು. ಅವಳು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನನಗೆ ಮುಖದ ಗುರುತು ಸಿಗಲಿಲ್ಲ. ಅವಳಿಗೂ ಸಿಗಲಿಲ್ಲ. ಸೊಸೆ ನೀರು ತಂದಿಟ್ಟಳು. ಬಾಗೇವಾಡಿಯ ಟೆಂಪೊ, ನಾಲತವಾಡದ ಬಸ್ಸು ಎಂದು ಹೇಳಿದ ಕೂಡಲೇ ಅವಳ ಕೈ ಕಾಳಿನ ಮೇಲೆ ನಿಂತಿತು. ನಾನು ಪೂರ್ತಿ ಹೇಳಿದೆ. ಬಸ್ಸು ಎಲ್ಲಿ ನಿಂತಿತ್ತು, ನಾನೇಕೆ ಎಡಕ್ಕೆ ಬಂದೆ, ತಾಯಿಯ ಸುದ್ದಿ ಕೇಳಿದ ಮೇಲೂ ಹೇಗೆ ಸುಮ್ಮನಿದ್ದೆ, ಎಲ್ಲ.

"ಬಸ್ ಇತ್ತಂತ ನನಗ ಗೊತ್ತೈತಿ" ಎಂದಳು ಅವಳು.

ನನ್ನ ಹೆಂಡತಿ ತಲೆ ಎತ್ತಿದಳು.

"ಅದರ ಕಂಡಕ್ಟರ್ ನಮ್ಮ ತವರ ಊರಾಂವ. ಮೂರನೇ ದಿನಕ್ಕ ಮಾತಾಡ್ಸಾಕ ಬಂದಿದ್ದ. ಯಾಕವ್ವ ತಂಗಿ, ಅವತ್ತ ನನ್ನ ಬಸ್ಸಿಗೆ ಬೆನ್ನ ಮಾಡಿ ನಿಂತಿದ್ದಿ, ಬ್ಯಾರೆ ಕಡೆ ಹೊಂಟಿಯೇನೋ ಅನ್ಕೊಂಡೆ ಅಂದ. ಅವತ್ತಿನಿಂದ ಗೊತ್ತೈತಿ." ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಮುಂದ ಭಾಳ ವರ್ಷ ಬಾಗೇವಾಡಿ ಮ್ಯಾಲ ಹಾಯ್ದಾಗೆಲ್ಲ ಟೆಂಪೊದ ಮಂದೀನ ನೋಡ್ತಿದ್ದೆ. ನೀವು ಸಿಕ್ಕಿದ್ರ ಕೊಳ್ಳಪಟ್ಟಿ ಹಿಡೀತಿದ್ದೆ. ಈಗ ಆ ಕಸುವಿಲ್ಲ."

ನಾನು ತಪ್ಪಾಯಿತು ಎಂದೆ. ಆ ಮಾತು ಬಾಯಿಂದ ಬಂದಾಗ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಎರಡನೆಯ ಸಲ ಹೇಳಲಾಗಲಿಲ್ಲ.

ಅವಳು ಕೇಳಿದಳು, "ಒಂದು ಖರೇ ಹೇಳ್ರಿ. ಅವತ್ತ ಚಹಾ ತಂದ್ ಕೊಟ್ಟಿರಲ್ಲ. ನನ್ನ ಸಂಕಟ ನೋಡಿ ತಂದ್ರೇನು?"

ಹೌದು ಎನ್ನಬೇಕೆನಿಸಿತು. ಎದುರಿಗೆ ಹೆಂಡತಿ ಕೂತಿದ್ದಳು. ಅವಳಿರದಿದ್ದರೂ ಆ ಹೆಣ್ಣುಮಗಳ ಮುಖದೆದುರು ಹಾಗೆನ್ನಲು ಆಗುತ್ತಿರಲಿಲ್ಲ.

"ಇಲ್ರಿ. ನೀವು ಬ್ಯಾಸತ್ತು ಇಳದು ಹೋಗಬಾರದು ಅಂತ."

ಅವಳು ತಲೆಯಾಡಿಸಿದಳು. "ಅದ ಒಂದು ತಿಳಿದಿರಲಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದಳೋ ಸಮಾಧಾನದಿಂದ ಹೇಳಿದಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ನಾವು ಎದ್ದೆವು. ಅವಳು ಕೈ ಸನ್ನೆ ಮಾಡಿ ಕೂಡಿಸಿದಳು. "ಉಣ್ಣೂ ಹೊತ್ತಿಗೆ ಬಂದೀರಿ. ಉಂಡು ಹೋಗ್ರಿ" ಎಂದಳು. ಆಮೇಲೆ, ಅದೇ ದನಿಯಲ್ಲಿ, "ಆದ್ರ ಮತ್ತ ಬರಬ್ಯಾಡ್ರಿ" ಎಂದಳು.

ಸೊಸೆ ಎರಡು ತಟ್ಟೆ ಹಾಕಿದಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅತ್ತೆ ನಮ್ಮ ಜೊತೆ ಉಣ್ಣಲಿಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಹರಳು ಆರಿಸತೊಡಗಿದಳು. ತಟ್ಟೆಯಲ್ಲಿ ರೊಟ್ಟಿ ಮುಗಿಯುವುದನ್ನು ಓರೆಗಣ್ಣಿನಿಂದ ನೋಡಿ ಸೊಸೆಗೆ, "ಅವ್ರಿಗೆ ಇನ್ನೊಂದ ಹಾಕು" ಎಂದಳು. ನಾನು ಬೇಡ ಎನ್ನಲಿಲ್ಲ. ಅಷ್ಟೂ ಉಂಡೆ. ನನ್ನ ಹೆಂಡತಿ ಉಂಡು ಕೈ ತೊಳೆದು, ಅವಳ ಹತ್ತಿರ ಹೋಗಿ ಕೂತು, ಮೊರದಿಂದ ನಾಲ್ಕು ಹರಳು ಆರಿಸಿ ಹಾಕಿ, ಆಮೇಲೆ ಎದ್ದು ಬಂದಳು.